ಹೊಸ ಊರಲ್ಲಿ ನಮಗೊಂದು ಚರ್ಚ್ ಸಿಕ್ಕಿದ್ದು ಹೀಗೆ

ಊರು ಬದಲಾಯಿಸಿದ ಮೇಲೆ ಮನೆ, ಶಾಲೆ, ಡಾಕ್ಟರು ಎಲ್ಲಾ ಹೇಗೋ ಸಿಗುತ್ತಾರೆ. ಕೇಳಿದರೆ ಯಾರಾದರೂ ಹೇಳುತ್ತಾರೆ. ಚರ್ಚ್ ಹಾಗಲ್ಲ. ಕಟ್ಟಡ ತೋರಿಸುವವರು ಬೇಕಾದಷ್ಟು ಜನ. ಒಳಗೆ ನಮ್ಮನ್ನು ಸೇರಿಸಿಕೊಳ್ಳುತ್ತಾರಾ ಅನ್ನುವುದನ್ನು ನಾವೇ ಹೋಗಿ ನೋಡಬೇಕು.

ಹುಡುಕಾಟಕ್ಕೆ ಹೊರಡುವ ಮುಂಚೆ ನಾವು ಗಂಡ ಹೆಂಡತಿ ಕೂತು ಮಾತಾಡಿಕೊಂಡೆವು. ಬೋಧನೆ ಬೈಬಲ್ಲಿಗೆ ಸರಿಯಾಗಿರಬೇಕು, ಮಕ್ಕಳಿಗೆ ಸಂಡೇ ಸ್ಕೂಲ್ ಇರಬೇಕು, ತುಂಬಾ ದೂರ ಇರಬಾರದು. ಇಷ್ಟನ್ನು ಬಿಡುವ ಹಾಗಿಲ್ಲ. ಆರ್ಗನ್ನೋ ಗಿಟಾರೋ, ಅದು ಯಾವುದಾದರೂ ಸರಿ. ದೂರ ಅನ್ನುವುದು ಸಣ್ಣ ವಿಷಯ ಅಂತ ಅನ್ನಿಸಬಹುದು. ಭಾನುವಾರ ಎಷ್ಟು ದೂರವಾದರೂ ಹೋಗಿಬರಬಹುದು, ನಿಜ. ಆದರೆ ಕೆಲಸ ಮುಗಿಸಿ ಬಂದ ಸಂಜೆ ಪ್ರಾರ್ಥನಾ ಕೂಟಕ್ಕೆ ಹೊರಡಲು ಮನಸ್ಸೇ ಬರುವುದಿಲ್ಲ. ಜನ ಹತ್ತಿರವಾಗುವುದು ಜಾಸ್ತಿ ಅಲ್ಲೇ.

ನನ್ನ ಗೆಳತಿ ಕಥೋಲಿಕಳು. ಅವಳಿಗೆ ಈ ತಲೆನೋವೇ ಇಲ್ಲ ಅಂತ ನನಗೆ ಹೊಟ್ಟೆಕಿಚ್ಚು. ಅವರಲ್ಲಿ ಸಾಮಾನ್ಯವಾಗಿ ಮನೆ ಎಲ್ಲಿದೆ ಅನ್ನುವುದರ ಮೇಲೆ ಧರ್ಮಕೇಂದ್ರ, ಅಂದರೆ ಆ ಪ್ರದೇಶದ ಚರ್ಚ್, ಯಾವುದು ಅಂತ ಗೊತ್ತಾಗುತ್ತದೆ. 1983ರಲ್ಲಿ ಬಂದ ಅವರ ಧರ್ಮಸಭೆಯ ಕಾನೂನಿನಂತೆ, 3 ತಿಂಗಳಾದರೂ ಇರುತ್ತೇನೆ ಅಂತ ಬಂದು ನೆಲೆಸಿದರೆ ಸಾಕು, ಅಲ್ಲಿನ ಗುರುಗಳು ನಿಮಗೂ ಗುರುಗಳು. ಇದನ್ನು ಹೇಳಿದ್ದಕ್ಕೆ ಅವಳು ನಕ್ಕಳು. "ಹೆಸರು ಬರೆಸೋದು ಒಂದು ದಿನದ ಕೆಲಸ ಕಣೇ. ಹೆಸರು ಹಿಡಿದು ಕರೆಯೋರು ಸಿಗಬೇಕಲ್ಲ!"

ವಾರಕ್ಕೊಂದು ಚರ್ಚ್ ನೋಡುತ್ತಾ ತಿರುಗುವುದು ನಮಗೆ ಸರಿಬರಲಿಲ್ಲ. ಮೊದಲ ದಿನ ಎಲ್ಲರೂ ಚೆನ್ನಾಗಿಯೇ ಮಾತಾಡಿಸುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಇಷ್ಟವಾದ ಕಡೆ ಕೆಲವು ಭಾನುವಾರ ಬಿಡದೆ ಹೋದೆವು. ಪಾಸ್ಟರ್ ಮಾಡುವ ಬೋಧನೆಯನ್ನು ಕೇಳುತ್ತಿದ್ದೆ, ಆದರೆ ನಾನು ಕಣ್ಣಿಟ್ಟು ನೋಡುತ್ತಿದ್ದದ್ದು ಆರಾಧನೆಯ ಕೊನೆಯ ಆಶೀರ್ವಾದ ಮುಗಿದ ಮೇಲಿನ ಹತ್ತು ನಿಮಿಷ.

ಒಂದು ಕಡೆ ಹೊಸಬರನ್ನು ಎದ್ದು ನಿಲ್ಲಿಸಿ, ಮೈಕ್ ಕೊಟ್ಟು, ಚಪ್ಪಾಳೆ ತಟ್ಟಿದರು. ಆರಾಧನೆ ಮುಗಿದದ್ದೇ ತಡ, ಅವರವರದೇ ಗುಂಪು. ನಾವು ಬಾಗಿಲ ಹತ್ತಿರ ಸುಮ್ನೆ ನಿಂತು ನಿಂತು ಮನೆಗೆ ಬಂದೆವು. ಮುಂದಿನ ವಾರವೂ ಅದೇ ಕಥೆ. ಇನ್ನೊಂದು ಕಡೆ ಚಪ್ಪಾಳೆಯೂ ಇಲ್ಲ, ಮೈಕೂ ಇಲ್ಲ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಅಮ್ಮ ಒಬ್ಬರು ನಾನು ಪುಟ ಹುಡುಕುತ್ತಿರುವುದನ್ನು ನೋಡಿ, ತಮ್ಮ ಹಾಡಿನ ಪುಸ್ತಕವನ್ನೇ ನನ್ನ ಕಡೆ ಸರಿಸಿ, ಸಾಲಿನ ಮೇಲೆ ಬೆರಳಿಟ್ಟರು. ಅವರಿಗೆ ಹಾಡು ಬಾಯಿಪಾಠ. ಹೊರಡುವಾಗ ಮನೆಯವರ ಬಗ್ಗೆ ಕೇಳಿದರು, ನನ್ನ ತಾಯಿಗೆ ಮಂಡಿ ಆಪರೇಷನ್ ಇದೆ ಅಂತ ಹೇಳಿದ್ದೆ. ಮುಂದಿನ ಭಾನುವಾರ ಕಂಡ ತಕ್ಷಣ ಅವರು ಕೇಳಿದ್ದು, "ಅಮ್ಮ ಎದ್ದು ಓಡಾಡ್ತಿದ್ದಾರೇನಮ್ಮ?"

ನಮ್ಮನ್ನು ಹೇಗೆ ನೋಡಿಕೊಂಡರು ಅನ್ನುವುದಷ್ಟೇ ಸಾಲದು. ಹೊಳೆಯುವ ಬಟ್ಟೆಯವನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲ ಬುಡದಲ್ಲಿ ಜಾಗ ಅಂತ ಮಾಡಬೇಡಿ ಎಂದು ಬೈಬಲ್ಲಿನ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯದಲ್ಲಿದೆ ಅಲ್ವಾ? ಅದನ್ನೇ ನೋಡುತ್ತಿದ್ದೆ. ಒಬ್ಬಂಟಿಯಾಗಿ ಬಂದವರ ಹತ್ತಿರ ಯಾರು ಹೋಗುತ್ತಾರೆ? ಮಗು ಅತ್ತರೆ ತಿರುಗಿ ಗುರಾಯಿಸುತ್ತಾರಾ? ಇನ್ನೊಂದು, ಬಿಟ್ಟುಹೋದವರ ಬಗ್ಗೆ ಕೆಟ್ಟದಾಗಿ ಮಾತಾಡುವ ಕಡೆ, ಸಂಬಳ ಎಷ್ಟು ಅಂತ ಪರಿಚಯಕ್ಕೆ ಮುಂಚೆಯೇ ಕೇಳುವ ಕಡೆ ನಾನು ಮತ್ತೆ ಕಾಲಿಡುವುದಿಲ್ಲ. ಎಷ್ಟೇ ಪ್ರೀತಿ ತೋರಿಸಲಿ.

ಆ ಅಮ್ಮನ ಚರ್ಚಿನ ಕೆಲಸಕ್ಕೆ ಕೈಹಾಕಿದ ಮೇಲೆ ಪರಿಚಯ ಬೇಗ ಬೆಳೆಯಿತು. ನನ್ನ ಗಂಡ ಮಾತು ಕಡಿಮೆ. ಸಂಡೇ ಸ್ಕೂಲ್ ಮುಗಿದ ಮೇಲೆ ಕುರ್ಚಿ ಎತ್ತಿಡುವವರ ಜೊತೆ ಸೇರಿಕೊಂಡರು. ಕುರ್ಚಿ ಜೋಡಿಸುವಾಗ ಎದುರಿಗಿರುವವರ ಜೊತೆ ಏನು ಮಾತಾಡಲಿ ಅಂತ ಯೋಚಿಸಬೇಕಿಲ್ಲ, ಮಾತು ತಾನಾಗಿ ಬರುತ್ತದೆ. ನನಗಿಂತ ಮುಂಚೆ ಅವರಿಗೇ ಸ್ನೇಹಿತರಾದರು!

ಹಳೆಯ ಚರ್ಚಿನ ಪಾಸ್ಟರ್ ಹತ್ತಿರ ಸದಸ್ಯತ್ವದ ಪತ್ರವನ್ನು ಹೊರಡುವಾಗಲೇ ಬರೆಸಿಕೊಂಡಿದ್ದೆವು. ನೀವೂ ಬರೆಸಿಕೊಳ್ಳಿ, ಆಮೇಲೆ ಮಕ್ಕಳ ದೀಕ್ಷಾಸ್ನಾನ (ಬ್ಯಾಪ್ಟಿಸಂ), ಮದುವೆ ಅಂತ ಬಂದಾಗ ಓಡಾಟ ತಪ್ಪುತ್ತದೆ. ಇದೇನು ಹೊಸ ಪದ್ಧತಿಯಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೇ ಅಧ್ಯಾಯದ ಶುರುವಿನಲ್ಲೇ ಅಪೊಸ್ತಲ ಪೌಲ, ಫೊಯಿಬೆ ಅನ್ನುವ ಸಹೋದರಿಯನ್ನು ಸೇರಿಸಿಕೊಳ್ಳಿ, ಅವಳಿಗೆ ಬೇಕಾದ ಸಹಾಯ ಮಾಡಿ ಅಂತ ಕೇಳಿಕೊಳ್ಳುತ್ತಾನೆ. ಆದರೆ ಪತ್ರವನ್ನು ನಾವು ತಕ್ಷಣ ಕೊಡಲಿಲ್ಲ. ವಾರ್ಷಿಕ ಸಭೆಯವರೆಗೂ ಕಾದೆವು. ಅವತ್ತು ಲೆಕ್ಕ ಓದಿದರು. ಹಿಂದಿನ ಸಾಲಿನಿಂದ ಒಬ್ಬರು ಎದ್ದು, ರಿಪೇರಿಗೆ ಇಷ್ಟೊಂದು ಯಾಕಾಯಿತು ಅಂತ ಖಾರವಾಗಿಯೇ ಕೇಳಿದರು. ಖಜಾಂಚಿ ಸಿಟ್ಟಾಗದೆ ಬಿಲ್ಲುಗಳ ಫೈಲನ್ನು ಅವರ ಕೈಗೇ ಕೊಟ್ಟರು. ಸಭೆ ಮುಗಿದ ಮೇಲೆ ಇಬ್ಬರೂ ಸೇರಿ ಕುರ್ಚಿ ಎತ್ತಿಡುತ್ತಿದ್ದರು. ಮುಂದಿನ ಭಾನುವಾರ ನಾವು ಪತ್ರ ಕೊಟ್ಟೆವು.