ಮಕ್ಕಳ ಪಾಸ್‌ವರ್ಡ್: ವಿಜಯಪುರದ ಪಾಲಕರಿಗೊಂದು ಸಲಹೆ

ವಿದ್ಯಾರ್ಥಿವೇತನದ ಅರ್ಜಿ ತುಂಬಲು ಸೈಬರ್ ಸೆಂಟರಿಗೆ ಹೋದಾಗ ಪಾಸ್‌ವರ್ಡನ್ನು ಮಕ್ಕಳೇ ಟೈಪ್ ಮಾಡಲಿ. ಅವಸರದಲ್ಲಿ ಬೇರೆಯವರಿಗೆ ಬಿಟ್ಟರೆ ಮಗುವಿನ ಹೆಸರು, ಅದರ ಮುಂದೆ 123 ಎಂದು ಹಾಕಿಬಿಡುತ್ತಾರೆ. ಹೆಸರು, ಹುಟ್ಟಿದ ದಿನ ಇಡೀ ತರಗತಿಗೇ ಗೊತ್ತಿರುತ್ತವೆ. ‘ಗೋಳಗುಮ್ಮಟ’ ಎಂದಿಟ್ಟರೂ ನಮ್ಮೂರಿನಲ್ಲಿ ಯಾರಾದರೂ ಊಹಿಸಿಯಾರು!

ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಜೋಡಿಸಿ: ದ್ರಾಕ್ಷಿ, ಛತ್ರಿ, ಗಡಿಯಾರ, ಮೊಸರು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 25 ಅಕ್ಷರ ದಾಟುತ್ತದೆ, ಮಗುವಿಗೆ ನೆನಪೂ ಉಳಿಯುತ್ತದೆ. (ದಯವಿಟ್ಟು ಇದನ್ನೇ ನಕಲು ಮಾಡಬೇಡಿ.) ಇಮೇಲ್‌ಗೆ ಇಟ್ಟದ್ದನ್ನು ಆಟದ ಆ್ಯಪ್‌ಗೆ ಇಡಲೇಬಾರದು, ಅಲ್ಲಿ ಸೋರಿದರೆ ಇಮೇಲೂ ಕೈತಪ್ಪುತ್ತದೆ.

ಶಿಕ್ಷಕರೆಂದು ಹೇಳಿಕೊಂಡು ಯಾರೇ ಫೋನ್ ಮಾಡಿದರೂ ಒಟಿಪಿ ಹೇಳಬೇಡಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸೆಂಟರಿನ ಕಂಪ್ಯೂಟರ್ ‘ಪಾಸ್‌ವರ್ಡ್ ಉಳಿಸಬೇಕೇ’ ಎಂದು ಕೇಳಿದರೆ ಬೇಡವೆಂದು ಒತ್ತಿ, ಲಾಗೌಟ್ ಆದ ಮೇಲೆಯೇ ಕುರ್ಚಿಯಿಂದ ಏಳಿ.