ಮನೆಯವರದೇ ಮನೆಯನ್ನು ಏಜೆಂಟ್ ಮೂಲಕ ಒಳಬಾಡಿಗೆಗೆ ಕೊಟ್ಟಿದ್ದು: ನನ್ನ ಅನುಭವ

ನಾನಿದ್ದ ಮನೆ ನನ್ನ ಹೆಸರಲ್ಲಿಲ್ಲ. ಅಪ್ಪ ಮತ್ತು ದೊಡ್ಡಪ್ಪ ಇಬ್ಬರ ಹೆಸರಲ್ಲಿದೆ. ನಾನು ಅಲ್ಲಿ ಬಾಡಿಗೆ ಕೊಟ್ಟೇ ಇದ್ದೆ, ತಿಂಗಳಾದರೆ ಇಬ್ಬರ ಖಾತೆಗೂ ದುಡ್ಡು ಹಾಕುತ್ತಿದ್ದೆ. ಆಮೇಲೆ ಕೆಲಸ ಬೇರೆ ಊರಿಗೆ ಬಿತ್ತು. ವಾಪಸ್ ಬರುವುದು ಖಚಿತ, ಹಾಗಾಗಿ ಮನೆ ಬಿಟ್ಟುಕೊಡುವ ಮನಸ್ಸಿಲ್ಲ. ಬೀಗ ಹಾಕಿಡೋಣ ಅಂದರೆ ಮುಚ್ಚಿಟ್ಟ ಮನೆ ಬೇಗ ಹಾಳಾಗುತ್ತದೆ, ಮೇಲೆ ನನ್ನ ಬಾಡಿಗೆ ಸುಮ್ನೆ ಹೋಗುತ್ತದೆ. ಅದಕ್ಕೇ ಒಳಬಾಡಿಗೆಗೆ, ಅಂದರೆ ನಾನು ಬಾಡಿಗೆಗಿರುವ ಮನೆಯನ್ನು ನಾನೇ ಇನ್ನೊಬ್ಬರಿಗೆ ಬಾಡಿಗೆಗೆ ಕೊಡೋಣ ಅಂತ ತೀರ್ಮಾನಿಸಿದೆ. ದೂರದಿಂದ ಜನ ಹುಡುಕುವುದು ಆಗದ ಮಾತು, ಆದ್ದರಿಂದ ಏಜೆಂಟ್ ಮೂಲಕ.

ಮನೆಯಲ್ಲಿ ಕೇಳಿದರೆ ಬಂದ ಉತ್ತರ ಒಂದೇ. "ನಿಂದೇ ಮನೆ ಕಣಮ್ಮ, ನಮ್ಮನ್ನೇನು ಕೇಳೋದು?" ಅಂದರು ದೊಡ್ಡಪ್ಪ. ಕೇಳಲು ಚೆಂದ. ಆದರೆ ಏಜೆಂಟ್ ಕೊಟ್ಟ ಫಾರಂನಲ್ಲಿ ಮೊದಲನೇ ಸಾಲೇ "ಮಾಲೀಕರ ಹೆಸರು", ಕೊನೇ ಸಾಲು "ಮಾಲೀಕರ ಸಹಿ". ಅಲ್ಲಿ ನನ್ನ ಹೆಸರು ಬರೆದರೆ ಸುಳ್ಳು. ಅಪ್ಪನ ಹೆಸರು ಬರೆದು ನಾನು ಸಹಿ ಹಾಕಿದರೆ ಅದು ಇನ್ನೂ ದೊಡ್ಡ ತಾಪತ್ರಯ.

ಒಳಬಾಡಿಗೆಯ ಲೆಕ್ಕ ಇಷ್ಟೇ: ನಮ್ಮ ಹತ್ತಿರ ಎಷ್ಟು ಹಕ್ಕಿದೆಯೋ ಅಷ್ಟನ್ನು ಮಾತ್ರ ಇನ್ನೊಬ್ಬರಿಗೆ ಕೊಡಬಹುದು. ನಾನು ಬಾಡಿಗೆದಾರಳು ಅನ್ನುವುದಕ್ಕೇ ಕಾಗದ ಇಲ್ಲದಿದ್ದರೆ, ನಾನು ಕೊಡುವ ಒಳಬಾಡಿಗೆಗೆ ಏನು ಬೆಲೆ? ಇನ್ನೊಂದು ವಿಷಯ, ಒಳಬಾಡಿಗೆಯವರು ದುಡ್ಡು ಕಟ್ಟದಿದ್ದರೂ, ಏನಾದರೂ ಒಡೆದುಹಾಕಿದರೂ, ಮಾಲೀಕರಿಗೆ ಉತ್ತರ ಹೇಳಬೇಕಾದವಳು ನಾನೇ. ಮಾಲೀಕರು ಮನೆಯವರೇ ಆಗಿದ್ದರೆ ಇದು ಇನ್ನೂ ಇರಿಸುಮುರಿಸು.

ಹಾಗಾಗಿ ಮೊದಲು ಅಪ್ಪ, ದೊಡ್ಡಪ್ಪ ಮತ್ತು ನನ್ನ ನಡುವೆ ಒಂದು ಬಾಡಿಗೆ ಕರಾರು ಮಾಡಿಸಿದೆ. ಅದರ ಜೊತೆಗೆ, ನಾನು ಒಳಬಾಡಿಗೆಗೆ ಕೊಡಬಹುದು ಅಂತ ಅವರಿಬ್ಬರ ಒಂದು ಒಪ್ಪಿಗೆ ಪತ್ರ. ಯಾವ ಮನೆ, ಯಾವ ಭಾಗ, ಎಲ್ಲಿಯವರೆಗೆ, ಬಾಡಿಗೆ ಯಾರ ಖಾತೆಗೆ ಬರುತ್ತದೆ, ಎಷ್ಟರವರೆಗಿನ ರಿಪೇರಿಯನ್ನು ನಾನೇ ತೀರ್ಮಾನಿಸಬಹುದು, ಎಲ್ಲ ಅದರಲ್ಲಿತ್ತು. "ಒಬ್ಬರ ಸಹಿ ಸಾಕು ಮೇಡಂ" ಅಂದರು ಏಜೆಂಟ್. ಸಾಲದು. ಇಬ್ಬರ ಹೆಸರಲ್ಲಿರುವ ಮನೆಗೆ ಒಬ್ಬರೇ ಸಹಿ ಹಾಕಿದರೆ ನಾಳೆ ಇನ್ನೊಬ್ಬರು ಅಥವಾ ಅವರ ಮಕ್ಕಳು "ನಮಗೆ ಗೊತ್ತೇ ಇರಲಿಲ್ಲ" ಅನ್ನಬಹುದು. ಅನ್ನುತ್ತಾರೆ ಅಂತಲ್ಲ, ಅನ್ನಲು ಜಾಗ ಇರಬಾರದು ಅಂತ.

ದೊಡ್ಡಪ್ಪನಿಗೆ ವಯಸ್ಸಾಗಿದೆ. ಅವರಿಗೇನಾದರೂ ಆದರೆ ಕರಾರಿನ ಗತಿ ಏನು ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಅದನ್ನು ಕೇಳಿದ್ದು ಅವರ ಮಗಳು, ನನ್ನ ಅಕ್ಕ. ಎಲ್ಲರ ಎದುರೇ ಕೇಳಿದರು. ದೊಡ್ಡಪ್ಪ ನಕ್ಕು "ಬರ್ಕೊಳ್ಳಿ, ನಾನಿರೋವಾಗ್ಲೇ ಬರ್ಕೊಳ್ಳಿ" ಅಂದರು. ಅವಧಿ ಮುಗಿಯುವವರೆಗೆ ವಾರಸುದಾರರೂ ಈ ಕರಾರಿಗೆ ಬದ್ಧರು ಅಂತ ಒಂದು ಸಾಲು ಸೇರಿತು. ಇಂಥ ಸಾಲನ್ನು ವಕೀಲರ ಹತ್ತಿರ ಬರೆಸುವುದೇ ಒಳ್ಳೆಯದು, ಎಲ್ಲ ಕಡೆ ಕಾನೂನು ಒಂದೇ ಥರ ಇರುವುದಿಲ್ಲ.

ಏಜೆಂಟ್ ಕಳಿಸಿದ ಮೊದಲ ಕರಡಿನಲ್ಲಿ ಅಪ್ಪ ಮಾಲೀಕರು, ನಾನು ಅವರ "ಪ್ರತಿನಿಧಿ" ಅಂತ ಇತ್ತು. ಮೇಲ್ನೋಟಕ್ಕೆ ಏನೂ ತಪ್ಪು ಕಾಣುವುದಿಲ್ಲ. ಆದರೆ ಇದು ಬೇರೆಯದೇ ವ್ಯವಸ್ಥೆ. ಪವರ್ ಆಫ್ ಅಟಾರ್ನಿ (ಅಪ್ಪನ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ತಗೊಂಡು ಪ್ರತಿನಿಧಿಯಾಗಿ ಕೊಟ್ಟರೆ ಬಂದವರು ಅಪ್ಪನ ಬಾಡಿಗೆದಾರರಾಗುತ್ತಾರೆ, ಬಾಡಿಗೆ ಅಪ್ಪನ ಆದಾಯ, ನಾನು ಬರೀ ಅವರ ಪರವಾಗಿ ಸಹಿ ಹಾಕುವ ಕೈ. ಒಳಬಾಡಿಗೆಯಲ್ಲಿ ಅವರು ನನ್ನ ಬಾಡಿಗೆದಾರರು. ವಾಪಸ್ ಬಂದಾಗ ಮನೆ ಬಿಟ್ಟುಕೊಡಿ ಅಂತ ಕೇಳುವ ಹಕ್ಕು ಯಾರದು ಅನ್ನುವುದು ಇದರ ಮೇಲೇ ನಿಂತಿದೆ. ಎರಡರಲ್ಲಿ ಯಾವುದಾದರೂ ಸರಿ, ಕಲಸುಮೇಲೋಗರ ಮಾತ್ರ ಬೇಡ. ಪ್ರತಿನಿಧಿ ಅಂತ ಇದ್ದ ಕಡೆಯೆಲ್ಲ ತೆಗೆಸಿ, ನಮ್ಮ ಕರಾರು ಮತ್ತು ಒಪ್ಪಿಗೆ ಪತ್ರದ ಉಲ್ಲೇಖ ಹಾಕಿಸಿದೆ.

ಏಜೆಂಟ್ ಜೊತೆಗಿನ ಒಪ್ಪಂದವನ್ನು ಜನ ಓದುವುದೇ ಇಲ್ಲ, ಕಮಿಷನ್ ಎಷ್ಟು ಅಂತ ನೋಡಿ ಸಹಿ ಹಾಕುತ್ತಾರೆ. ನಾನು ಕೂತು ಓದಿದೆ. ಒಳಗೆ ಎರಡು ಸಾಲು ಇದ್ದವು. ಒಂದು, ಬಾಡಿಗೆದಾರರು ಅವಧಿ ಮುಂದುವರಿಸಿದರೆ ಪ್ರತಿ ಸಲವೂ ಕಮಿಷನ್. ಇನ್ನೊಂದು, ಬಾಡಿಗೆದಾರರು ಮುಂದೆ ಮನೆಯನ್ನೇ ಕೊಂಡರೆ ಮಾರಾಟದ ಮೇಲೂ ಕಮಿಷನ್. ನನ್ನದಲ್ಲದ ಮನೆಯ ಮಾರಾಟಕ್ಕೆ ನಾನು ಹೇಗೆ ಸಹಿ ಹಾಕಲಿ? ಎರಡನ್ನೂ ಪೆನ್ನಿನಲ್ಲಿ ಹೊಡೆದು, ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿದೆವು. ಅವರು ಹೆಚ್ಚು ತಕರಾರು ಮಾಡಲಿಲ್ಲ. ಇಂಥ ಸಾಲುಗಳು ಬಹಳ ಸಲ ಕೇಳದವರಿಗಾಗಿಯೇ ಇರುತ್ತವೆ ಅಂತ ನನ್ನ ಗುಮಾನಿ.

ಬಾಡಿಗೆದಾರರನ್ನು ಹುಡುಕುವುದು, ಹಿನ್ನೆಲೆ ವಿಚಾರಿಸುವುದು, ಕಾಗದಪತ್ರ, ಇಷ್ಟನ್ನೇ ಅವರಿಗೆ ಕೊಟ್ಟೆ. ಬಾಡಿಗೆ ವಸೂಲಿ ಮತ್ತು ಅಡ್ವಾನ್ಸ್ ನನ್ನ ಹತ್ತಿರವೇ. ಏಜೆಂಟ್ ಖಾತೆಗೆ ಹೋಗಿ ಬರುವ ದುಡ್ಡು ತಡವಾದರೆ, ನಾನು ಮನೆಯವರಿಗೆ ಕೊಡುವುದೂ ತಡವಾಗುತ್ತದೆ. ಅದು ಬೇಡವಾಗಿತ್ತು.

ಇನ್ನು ಜಾಹೀರಾತು. ಇದು ಒಳಬಾಡಿಗೆ ಅಂತ ಮುಚ್ಚಿಡೋಣ, ಹೇಳಿದರೆ ಜನ ಹೆದರುತ್ತಾರೆ ಅಂದರು ಏಜೆಂಟ್. ನಾನು ಒಪ್ಪಲಿಲ್ಲ. ಮನೆ ನೋಡಲು ಬಂದ ಕುಟುಂಬಕ್ಕೆ ಒಪ್ಪಿಗೆ ಪತ್ರದ ಪ್ರತಿ ತೋರಿಸಿದೆ, ಅವರಿಗೆ ಅದರಿಂದ ಧೈರ್ಯವೇ ಬಂತು. ಇನ್ನೊಂದು ಕಿತಾಪತಿಯೂ ಆಗಿತ್ತು. ಅಜ್ಜಿಯ ಬೀರು, ಹಳೇ ಪಾತ್ರೆಗಳನ್ನೆಲ್ಲ ಒಂದು ರೂಮಿನಲ್ಲಿಟ್ಟು ಬೀಗ ಹಾಕಿದ್ದೆ. ಜಾಹೀರಾತಿನಲ್ಲಿ ಆ ರೂಮನ್ನೂ ಸೇರಿಸಿ ಲೆಕ್ಕ ಹೇಳಿದ್ದರು. ಸರಿಪಡಿಸಿ, ಆ ರೂಮು ಬಾಡಿಗೆಗೆ ಸೇರಿಲ್ಲ ಅಂತ ಕರಾರಿನಲ್ಲೂ ಬರೆಸಿದೆ.

ಜಾಸ್ತಿ ತಲೆನೋವು ಕೊಟ್ಟಿದ್ದು ಫೋನು. ಬಾಡಿಗೆ ಇಳಿಸಿ ಅಂತ ಏಜೆಂಟ್ ನನ್ನನ್ನು ಕೇಳಿದರು, ಆಗಲ್ಲ ಅಂದೆ. ಒಪ್ಪಿಗೆ ಪತ್ರದಲ್ಲಿದ್ದ ದೊಡ್ಡಪ್ಪನ ನಂಬರಿಗೆ ಫೋನ್ ಮಾಡಿ ಅವರನ್ನು ಕೇಳಿದರು! ದೊಡ್ಡಪ್ಪ ಹ್ಞೂಂ ಅಂದುಬಿಟ್ಟರು. "ಪಾಪ, ಅಷ್ಟೊಂದು ಕೇಳ್ಕೊಂಡ್ರಲ್ಲಮ್ಮ" ಅಂತ ನನಗೇ ಹೇಳಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಏಜೆಂಟ್‌ಗೆ ಮಾತ್ರ ಬರಹದಲ್ಲಿ ಕಳಿಸಿದೆ: ಈ ಮನೆ ವಿಷಯದಲ್ಲಿ ಸೂಚನೆ ನನ್ನಿಂದ ಮಾತ್ರ, ಬೇರೆ ಯಾರು ಏನು ಒಪ್ಪಿದರೂ ಅದು ಲೆಕ್ಕಕ್ಕಿಲ್ಲ. ಅಪ್ಪ, ದೊಡ್ಡಪ್ಪ ಇಬ್ಬರೂ ಅದಕ್ಕೆ "ಒಪ್ಪಿದೆ" ಅಂತ ಉತ್ತರಿಸಿದರು. ಆಮೇಲೆ ಫೋನ್ ನಿಂತಿತು.

ತಾರೀಖುಗಳ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಒಳಬಾಡಿಗೆಯ ಅವಧಿ ನಮ್ಮ ಅವಧಿಗಿಂತ ಮೊದಲೇ ಮುಗಿಯಬೇಕು, ನಡುವೆ ಬಣ್ಣ, ರಿಪೇರಿಗೆ ಸ್ವಲ್ಪ ಸಮಯ ಸಿಗುವ ಹಾಗೆ. ಮನೆ ಖಾಲಿ ಮಾಡಿ ಅಂತ ಮುಂಚೆಯೇ ಕೊಡುವ ನೋಟಿಸ್ ಕೂಡ ಹಾಗೇ. ಮಾಲೀಕರು ನನಗೆ ಕೊಡಬೇಕಾದ ನೋಟಿಸ್, ನಾನು ಬಾಡಿಗೆದಾರರಿಗೆ ಕೊಡಬೇಕಾದ್ದಕ್ಕಿಂತ ಉದ್ದ ಇರಬೇಕು. ಎರಡೂ ಒಂದೇ ಆದರೆ, ನನಗೆ ನೋಟಿಸ್ ತಲುಪಿ ಅದನ್ನು ಅವರಿಗೆ ಮುಟ್ಟಿಸುವಷ್ಟರಲ್ಲೇ ದಿನ ಕಡಿಮೆ ಬೀಳುತ್ತದೆ.

ಇನ್ಶೂರೆನ್ಸ್ ಇದ್ದರೆ ಕಂಪನಿಗೆ ತಿಳಿಸಿ, ಉತ್ತರ ಬರಹದಲ್ಲಿ ಇಟ್ಟುಕೊಳ್ಳಿ. ಮನೆಯವರೇ ವಾಸ ಇದ್ದಾರೆ ಅಂತ ಮಾಡಿಸಿದ ಪಾಲಿಸಿ ಬಾಡಿಗೆಗೆ ಕೊಟ್ಟ ಮೇಲೆ ಕೈಕೊಡಬಹುದು. ಮನೆ ಮೇಲೆ ಸಾಲ ಇದ್ದರೆ ಬ್ಯಾಂಕಿನ ಷರತ್ತೂ ನೋಡಿ. ನಮ್ಮದು ತೀರಿತ್ತು.

ಬೀಗದ ಕೈ ಕೊಡುವ ದಿನ ಏಜೆಂಟ್ ತಂದಿದ್ದ ಪಟ್ಟಿಯಲ್ಲಿ "ಅಡುಗೆಮನೆ: ಚೆನ್ನಾಗಿದೆ, ಬಚ್ಚಲು: ಚೆನ್ನಾಗಿದೆ" ಅಂತ ಇತ್ತು. ಅದರಿಂದ ಯಾರಿಗೂ ಉಪಯೋಗವಿಲ್ಲ. ಬಾಡಿಗೆದಾರರ ಜೊತೆ ನಾನೇ ರೂಮು ರೂಮು ಸುತ್ತಿದೆ. ವಾರ್ಡ್‌ರೋಬಿನ ಎಡಬಾಗಿಲಿನ ಕೆಳಗಿನ ಹಿಂಜು ಸಡಿಲ, ಎತ್ತಿ ಮುಚ್ಚಬೇಕು. ಬಚ್ಚಲಿನ ಬಾಗಿಲ ಹಿಂದೆ ಒಂದು ಟೈಲ್ಸ್ ಮೂಲೆ ಒಡೆದಿದೆ. ಸಿಂಕ್ ಕೆಳಗಿನ ಪೈಪಿಗೆ ಬೆರಳಿಟ್ಟರೆ ಸ್ವಲ್ಪ ಪಸೆ. ಎಲ್ಲ ಫೋಟೋ ತೆಗೆದು, ಮೀಟರ್ ರೀಡಿಂಗ್ ಫೋಟೋ ತೆಗೆದು, ಎಷ್ಟು ಬೀಗದ ಕೈ ಕೊಟ್ಟೆ ಅಂತ ಬರೆದು, ಇಬ್ಬರೂ ಸಹಿ ಹಾಕಿ, ಅಲ್ಲೇ ನಿಂತು ಒಬ್ಬರಿಗೊಬ್ಬರು ಕಳಿಸಿಕೊಂಡೆವು. ಆ ಪೈಪು ಮುಂದೆ ನಿಜವಾಗಿಯೂ ಸೋರಿತು. ಮೊದಲೇ ಬರೆದಿದ್ದರಿಂದ ಯಾರ ಖರ್ಚು ಅನ್ನುವ ಮಾತೇ ಬರಲಿಲ್ಲ, ನಾನು ಮಾಡಿಸಿದೆ.

ದುಡ್ಡಿನ ವಿಷಯದಲ್ಲಿ ಮನೆಯವರ ಜೊತೆ ಮುಚ್ಚುಮರೆ ಇಟ್ಟುಕೊಳ್ಳಬೇಡಿ. ನಾನು ಅವರಿಗೆ ಕೊಡುವುದಕ್ಕಿಂತ ನನಗೆ ಬರುತ್ತಿದ್ದ ಬಾಡಿಗೆ ಜಾಸ್ತಿ. ಇದು ಬೇರೆ ಯಾರಿಂದಲೋ ತಿಳಿದರೆ ಮಾತು ಬೆಳೆಯುತ್ತದೆ. ಮೊದಲೇ ಹೇಳಿದೆ: ವ್ಯತ್ಯಾಸದಲ್ಲಿ ಕಮಿಷನ್, ಬಣ್ಣ, ಸಣ್ಣ ರಿಪೇರಿ ಕಳೆದು ಉಳಿದದ್ದನ್ನು ಮೂವರೂ ಹಂಚಿಕೊಳ್ಳೋಣ ಅಂತ. ತೆರಿಗೆಯಲ್ಲಿ ನನಗೆ ಬಂದದ್ದು ನನ್ನ ಲೆಕ್ಕಕ್ಕೆ, ಅವರಿಗೆ ಹೋದದ್ದು ಅವರ ಲೆಕ್ಕಕ್ಕೆ. ನಾನು ಕೊಡುವ ಬಾಡಿಗೆಯನ್ನು ಎಲ್ಲಿ, ಎಷ್ಟು ಕಳೆಯಬಹುದು ಅಂತ ಲೆಕ್ಕ ಪರಿಶೋಧಕರನ್ನು ಕೇಳಿಯೇ ತುಂಬಿಸಿದೆ. ತಿಂಗಳ ಜಮಾಖರ್ಚು ಎಲ್ಲರಿಗೂ ಕಾಣುವ ಒಂದೇ ಶೀಟಿನಲ್ಲಿದೆ. ದೊಡ್ಡಪ್ಪ ಅದನ್ನು ತೆರೆದೂ ನೋಡಿಲ್ಲ. ಅಕ್ಕ ಮಾತ್ರ ಪ್ರತಿ ತಿಂಗಳು ನೋಡುತ್ತಾರೆ, ರಸೀದಿ ಹಾಕುವುದು ತಡವಾದರೆ ಕೇಳುತ್ತಾರೆ ಕೂಡ.