ಅಮೆರಿಕದಲ್ಲಿ ಮನೆ ಹಿಡಿಯುವ ಮೊದಲು ರಸ್ತೆ ನೋಡಿ

ಕೊಡಗಿನಿಂದ ಅಮೆರಿಕಕ್ಕೆ ಹೊರಡುವವರು ದೂರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ನಮಗೆ ಅದು ಹೊಸದಲ್ಲ ಅಲ್ವಾ? ಜಿಲ್ಲೆಗೆ ರೈಲೇ ಇಲ್ಲ. ಒಂದು ತೋಟದ ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳುವುದಿಲ್ಲ. ಹಾಗಾಗಿ 'ಅಲ್ಲಿ ಎಲ್ಲದಕ್ಕೂ ಕಾರು ಬೇಕು' ಅಂದರೆ 'ಇಲ್ಲೂ ಜೀಪು ಬೇಕಲ್ಲ' ಅನ್ನುತ್ತಾರೆ.

ನಾನು ಟೆಕ್ಸಾಸ್‌ನಲ್ಲಿ ಹಲವು ವರ್ಷ ಇದ್ದು ಈಗ ಅಮ್ಮತ್ತಿ ಹತ್ತಿರದ ನಮ್ಮ ತೋಟಕ್ಕೆ ವಾಪಸ್ ಬಂದಿದ್ದೇನೆ. ಸುತ್ತಮುತ್ತಲಿನ ಮನೆಗಳಿಂದ ಮಕ್ಕಳು ಹೊರಡುವಾಗ ವೀಸಾ, ಚಳಿ, ಸಂಬಳ ಎಲ್ಲ ಕೇಳುತ್ತಾರೆ. ಮನೆ ಎಲ್ಲಿ ಹಿಡಿಯಬೇಕು ಅಂತ ಕೇಳುವವರು ಕಡಿಮೆ. ಆದರೆ ಅಲ್ಲಿ ನಿಮ್ಮ ದಿನ ಹೇಗೆ ಕಳೆಯುತ್ತದೆ, ನಿಮ್ಮ ಜೊತೆ ಬಂದವರು ನಗುತ್ತಾ ಇರುತ್ತಾರೋ ಸೊರಗುತ್ತಾರೋ ಅನ್ನುವುದು ಬಹುಪಾಲು ಇದರ ಮೇಲೇ ನಿಂತಿದೆ.

ನಮ್ಮ ಕಡೆ ದೂರಕ್ಕೆ ಕಾರಣ ಬೆಟ್ಟ, ಹೊಳೆ, ತೋಟ. ಆ ದೂರ ಪೇಟೆ ತಲುಪುವವರೆಗೆ ಮಾತ್ರ. ಗೇಟಿನ ಹತ್ತಿರ ನಿಂತು ಕೈ ತೋರಿಸಿದರೆ ಪ್ರೈವೇಟ್ ಬಸ್ ನಿಲ್ಲುತ್ತದೆ. ಅದು ತಪ್ಪಿದರೆ ಗುರುತಿನವರ ಪಿಕಪ್ಪು ಸಿಗುತ್ತದೆ. ವಿರಾಜಪೇಟೆಯಲ್ಲಿ ಇಳಿದ ಮೇಲೆ ಬ್ಯಾಂಕು, ಮೆಡಿಕಲ್ ಶಾಪ್, ಗೊಬ್ಬರದ ಅಂಗಡಿ, ಬೇಕರಿ ಎಲ್ಲ ಕೆಲಸ ಕಾಲಲ್ಲೇ ಮುಗಿಯುತ್ತದೆ. ಅಮೆರಿಕದ ಹೆಚ್ಚಿನ ಊರುಗಳಲ್ಲಿ ಪೇಟೆ ತಲುಪಿದ ಮೇಲೂ ದೂರ ಮುಗಿಯುವುದಿಲ್ಲ. ಬ್ಯಾಂಕಿನಿಂದ ಅಂಗಡಿಗೆ ಕಾರು, ಅಂಗಡಿಯಿಂದ ಡಾಕ್ಟರ ಹತ್ತಿರಕ್ಕೆ ಮತ್ತೆ ಕಾರು. ಅಲ್ಲಿನ ಈ ದೂರವನ್ನು ಮಾಡಿದ್ದು ಕಾನೂನು. ಅದು ಹೇಗೆ ಅಂತ ಸ್ವಲ್ಪ ತಿಳಿದುಕೊಂಡರೆ ಮನೆ ಹುಡುಕುವಾಗ ಏನು ನೋಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮೊದಲನೆಯದು ಜೋನಿಂಗ್. ಯಾವ ಜಾಗದಲ್ಲಿ ಏನು ಕಟ್ಟಬಹುದು ಅಂತ ನಗರಸಭೆ ಗೆರೆ ಎಳೆದು ಬೇರೆ ಮಾಡುವುದು. ಓಹಾಯೋದ ಯೂಕ್ಲಿಡ್ ಅನ್ನುವ ಊರಿನ ಮೊಕದ್ದಮೆಯಲ್ಲಿ 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿಗೆ ಕೊಟ್ಟಿತು. ಒಂಟಿ ಮನೆಗಳ ಬೀದಿಗೆ ಬರುವ ಅಪಾರ್ಟ್‌ಮೆಂಟನ್ನು ಆ ತೀರ್ಪು ಪರಾವಲಂಬಿ ಅಂತ ಕರೆಯಿತು. ಆಮೇಲೆ ಊರೂರಲ್ಲಿ ಇದೇ ಪದ್ಧತಿ ಹಬ್ಬಿತು. ಎಷ್ಟೋ ನಗರಗಳಲ್ಲಿ ಮನೆ ಕಟ್ಟುವ ಜಾಗದ ಮುಕ್ಕಾಲು ಪಾಲಿನಲ್ಲಿ ಒಂದು ಸೈಟಿಗೆ ಒಂದೇ ಕುಟುಂಬದ ಮನೆ ಅನ್ನುವ ನಿಯಮ ಬಂತು. ನಮ್ಮಲ್ಲಿ ನಾಲ್ಕು ಮನೆ ಎದ್ದರೆ ಐದನೆಯದರ ಮುಂದಿನ ಕೋಣೆಯಲ್ಲಿ ಮೊಟ್ಟೆ, ಬ್ರೆಡ್ಡು, ಬಾಳೆಹಣ್ಣು ಮಾರುವ ಅಂಗಡಿ ಬರುತ್ತದೆ. ಅಲ್ಲಿ ಅಂಥ ಅಂಗಡಿ ತೆರೆದರೆ ಕಾನೂನು ಮುರಿದ ಹಾಗೆ.

ಎರಡನೆಯದು ಪಾರ್ಕಿಂಗ್. ಅಂಗಡಿಯೋ ಹೋಟೆಲೋ ಕಟ್ಟುವವರು ಇಷ್ಟು ಕಾರಿಗೆ ಜಾಗ ಬಿಡಲೇಬೇಕು ಅಂತ ನಿಯಮ. ಊಟದ ಹೋಟೆಲಿಗೆ 100 ಚದರ ಅಡಿಗೆ ಒಂದು ಕಾರು ಅನ್ನುವ ಲೆಕ್ಕ ಬಹಳ ಊರುಗಳಲ್ಲಿ ನಡೆದು ಬಂತು. ಒಂದು ಕಾರು ಒಳಗೆ ಬಂದು, ತಿರುಗಿ, ನಿಲ್ಲಲು ಸುಮಾರು 300 ಚದರ ಅಡಿ ಬೇಕು. ಅಂದರೆ ಹೋಟೆಲಿಗಿಂತ ಅದರ ಪಾರ್ಕಿಂಗ್ ಮೂರು ಪಟ್ಟು ದೊಡ್ಡದು! ಹೀಗಾಗಿ ಪ್ರತಿ ಅಂಗಡಿಯೂ ರಸ್ತೆಯಿಂದ ಹಿಂದೆ, ಪಕ್ಕದ ಅಂಗಡಿಯಿಂದ ಆಚೆ, ಡಾಂಬರು ಬಯಲಿನ ತುದಿಯಲ್ಲಿ ನಿಂತಿರುತ್ತದೆ.

ಮೂರನೆಯದು ಹೆದ್ದಾರಿ. 1956ರ ಕಾಯ್ದೆಯಲ್ಲಿ 41,000 ಮೈಲಿ ಹೆದ್ದಾರಿಗೆ ಒಪ್ಪಿಗೆ ಸಿಕ್ಕಿತು. ಖರ್ಚಿನಲ್ಲಿ ಶೇಕಡ 90 ಕೇಂದ್ರ ಸರ್ಕಾರದ್ದು. ಊರಾಚೆಯ ಅಗ್ಗದ ಜಾಗದಲ್ಲಿ ಮನೆ ಕಟ್ಟಿ ಕಾರಿನಲ್ಲಿ ಓಡಾಡುವುದು ಸುಲಭವಾಯಿತು. ಊರೊಳಗಿದ್ದವರಿಗೆ ಅದರ ಪೆಟ್ಟು ಬಿತ್ತು. ಸೇಂಟ್ ಪಾಲ್‌ನ ರಾಂಡೋ, ಡೆಟ್ರಾಯಿಟ್‌ನ ಬ್ಲ್ಯಾಕ್ ಬಾಟಮ್ ಕಪ್ಪು ಜನ ತುಂಬಿದ್ದ ಕೇರಿಗಳಾಗಿದ್ದವು. ಅಲ್ಲಿನ ಮನೆ, ಅಂಗಡಿ ಕೆಡವಿ ಹೆದ್ದಾರಿ ಹಾಯಿಸಿದರು. ಈ ಊರುಗಳು ಹೀಗೇ ಹುಟ್ಟಿದ್ದವು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಲಾಸ್ ಏಂಜಲೀಸ್‌ನಂಥ ಕಾರಿನ ಊರಿನಲ್ಲೂ ಒಂದು ಕಾಲದಲ್ಲಿ ಊರು ತುಂಬಾ ಟ್ರಾಮ್ ಇತ್ತು. ಅಲ್ಲಿನ ಕೆಂಪು ಟ್ರಾಮ್‌ಗಳ ಕೊನೆಯ ಮಾರ್ಗ ನಿಂತಿದ್ದು 1961ರಲ್ಲಿ.

ಇದರಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಕೆಲಸಕ್ಕೆ ಹೋಗುವವರಲ್ಲ, ಮನೆಯಲ್ಲಿ ಉಳಿಯುವವರು. ಕೆಲಸಕ್ಕೆ ಹೋಗುವವನಿಗೆ ಆಫೀಸು, ಕ್ಯಾಂಟೀನು, ಜೊತೆಗಾರರು ಇರುತ್ತಾರೆ. ಎಚ್-4 ಅಂದರೆ ಕೆಲಸಕ್ಕೆ ಬಂದವರ ಮನೆಯವರಿಗೆ ಕೊಡುವ ವೀಸಾ. ಅದರಲ್ಲಿ ಬಂದ ಹೆಂಡತಿಯನ್ನು ನೆನೆಸಿಕೊಳ್ಳಿ. ಇಲ್ಲಿ ಸ್ಕೂಟಿ ಹತ್ತಿ ಮಡಿಕೇರಿ ತುಂಬಾ ಓಡಾಡಿದವಳು ಅಲ್ಲಿ ಲೈಸೆನ್ಸ್ ಇಲ್ಲದೆ ಸಂಜೆ ಗಂಡ ಬರುವವರೆಗೆ ಕಾಯಬೇಕು. ಹಾಲು ಬೇಕಾದರೂ, ಡಾಕ್ಟರ ಹತ್ತಿರ ಹೋಗಬೇಕಾದರೂ ಒಬ್ಬರನ್ನು ಕೇಳಬೇಕು. ಒಳ್ಳೆಯ ಗಂಡನಿದ್ದರೂ ಕೇಳುವುದು ಕೇಳುವುದೇ ಅಲ್ವಾ?

ಅಪ್ಪ ಅಮ್ಮಂದಿರ ವಿಷಯ ಇನ್ನೂ ಕಷ್ಟ. ನಮ್ಮ ಅಪ್ಪ ಬೆಳಿಗ್ಗೆ ತೋಟ ಸುತ್ತಿ ಬಂದ ಮೇಲೇ ತಿಂಡಿಗೆ ಕೂರುವವರು. ಟೆಕ್ಸಾಸ್‌ಗೆ ಬಂದಾಗ ಇಂಡಿಯನ್ ಅಂಗಡಿಗೆ ನಡೆದೇ ಹೋಗುತ್ತೇನೆ ಅಂದರು. ಎರಡು ಕಿಲೋಮೀಟರ್ ಅವರಿಗೆ ಯಾವ ಲೆಕ್ಕ? ನಾನೂ ಜೊತೆಗೆ ಹೊರಟೆ. ನಮ್ಮ ಬಡಾವಣೆಯೊಳಗೆ ಚಂದದ ಫುಟ್‌ಪಾತ್ ಇತ್ತು. ದೊಡ್ಡ ರಸ್ತೆಗೆ ಬಂದು ಪೆಟ್ರೋಲ್ ಬಂಕ್ ದಾಟುತ್ತಿದ್ದ ಹಾಗೆ ಅದು ನಿಂತೇ ಹೋಯಿತು. ಮುಂದೆ ಬರೀ ಹುಲ್ಲು. ಹುಲ್ಲಿನ ಮಧ್ಯೆ ಜನ ನಡೆದು ನಡೆದು ಸವೆದ ಮಣ್ಣಿನ ಗೆರೆ. ಹೋಟೆಲುಗಳಲ್ಲಿ ಪಾತ್ರೆ ತೊಳೆಯುವವರು, ಕಸ ಗುಡಿಸುವವರು ನಡೆದು ಮಾಡಿದ ದಾರಿ ಅದು. ಅದರ ತುದಿಯಲ್ಲಿ ಒಂದು ಕಂಬ, ಕಂಬಕ್ಕೊಂದು ಬೋರ್ಡು. ಅದೇ ಬಸ್ ಸ್ಟಾಪು. ನೆರಳಿಲ್ಲ, ಕೂರಲು ಬೆಂಚಿಲ್ಲ. ಆರು ಲೇನಿನ ರಸ್ತೆ ದಾಟಲು ಗುಂಡಿ ಒತ್ತಿದೆವು. ಅಪ್ಪ ಮಧ್ಯಕ್ಕೆ ಬರುವಷ್ಟರಲ್ಲಿ ಸಿಗ್ನಲ್ ಮುಗಿದಿತ್ತು. ಡಿವೈಡರ್ ಮೇಲೆ ನಿಂತ ನಮ್ಮ ಎರಡೂ ಕಡೆ ಗಾಡಿಗಳು ಹಾಯುತ್ತಿದ್ದವು. ಒಬ್ಬಾಕೆ ಕಾರು ನಿಧಾನ ಮಾಡಿ, ನಿಮ್ಮ ಗಾಡಿ ಕೆಟ್ಟಿದೆಯಾ, ಬಿಡಬೇಕಾ ಅಂತ ಕೇಳಿದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ರಸ್ತೆಯಲ್ಲಿ ನಡೆಯುವವರಿಗೆ ಏನೋ ಆಗಿರಬೇಕು ಅಂತಲೇ ಅಲ್ಲಿನವರಿಗೆ ಅನ್ನಿಸುವುದು.

ಆಮೇಲೆ ಅಪ್ಪ ನಡೆದು ಹೋಗುವ ಮಾತೆತ್ತಲಿಲ್ಲ. ಗ್ಯಾರೇಜಿನ ಬಾಗಿಲು ಮೇಲೆತ್ತಿಸಿ ಅಲ್ಲೇ ಕುರ್ಚಿ ಹಾಕಿ ಕೂರುತ್ತಿದ್ದರು, ಯಾರಾದರೂ ಮಾತಿಗೆ ಸಿಗಲಿ ಅಂತ. ಎದುರು ಮನೆಯವರು ಗ್ಯಾರೇಜಿನೊಳಗೇ ಕಾರು ಹತ್ತಿ ಹೊರಡುತ್ತಿದ್ದರು, ಸಂಜೆ ಗ್ಯಾರೇಜಿನೊಳಗೇ ಇಳಿಯುತ್ತಿದ್ದರು. ಅವರ ಮುಖ ಕಾಣುತ್ತಿದ್ದದ್ದು ಕಾರಿನ ಗಾಜಿನ ಹಿಂದೆ ಮಾತ್ರ. ಅಮೆರಿಕದ ಜನ ಸೇರುವುದಿಲ್ಲ ಅಂತ ನಮ್ಮವರು ಎಷ್ಟೋ ಸಲ ದೂರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎದುರಿಗೆ ಸಿಕ್ಕರೆ ಚೆನ್ನಾಗಿಯೇ ಮಾತಾಡುತ್ತಾರೆ. ಎದುರಿಗೆ ಸಿಗುವ ಜಾಗವೇ ಅಲ್ಲಿ ಇಲ್ಲ. ಸಂತೆ ದಿನ ಮಾರ್ಕೆಟ್ಟಿನಲ್ಲಿ ಮೂರು ಜನ ನೆಂಟರು ಸಿಗುವ ಹಾಗೆ ಅಲ್ಲಿ ಯಾರೂ ಸುಮ್ನೆ ಸಿಗುವುದಿಲ್ಲ. ಮಕ್ಕಳ ಆಟಕ್ಕೂ ಎರಡು ಮನೆಯ ತಾಯಂದಿರು ಮೊದಲೇ ಫೋನ್ ಮಾಡಿ ದಿನ ಗೊತ್ತು ಮಾಡಬೇಕು.

ನಡೆಯುವುದು ಅಪಾಯವೂ ಹೌದು. ಅಮೆರಿಕದಲ್ಲಿ ಈಚಿನ ವರ್ಷಗಳಲ್ಲಿ ವರ್ಷಕ್ಕೆ 7,000ಕ್ಕೂ ಹೆಚ್ಚು ಪಾದಚಾರಿಗಳು ಗಾಡಿ ಹೊಡೆದು ಸತ್ತಿದ್ದಾರೆ. ಅಪ್ಪ ಅಮ್ಮನಿಗೆ ಸಂಜೆಯ ಮೇಲೆ ದೊಡ್ಡ ರಸ್ತೆ ದಾಟಬೇಡಿ ಅಂತ ಕಟ್ಟುನಿಟ್ಟಾಗಿ ಹೇಳಿ.

ಈಗ ಮನೆ ಹುಡುಕುವ ವಿಷಯ. ಬಾಡಿಗೆ ಎಷ್ಟು ಅಂತ ನೋಡುವ ಮೊದಲು ಮ್ಯಾಪ್ ತೆಗೆಯಿರಿ. ಮನೆಯಿಂದ 15 ನಿಮಿಷ ನಡೆದರೆ ದಿನಸಿ ಅಂಗಡಿ, ಪಾರ್ಕು, ಲೈಬ್ರರಿ, ಶಾಲೆ ಇವುಗಳಲ್ಲಿ ಯಾವುದು ಸಿಗುತ್ತದೆ ನೋಡಿ. ಮ್ಯಾಪಿನಲ್ಲಿ ಹತ್ತಿರ ಕಂಡರೆ ಸಾಲದು. ಸ್ಟ್ರೀಟ್ ವ್ಯೂನಲ್ಲಿ ಆ ದಾರಿಯಲ್ಲೇ ಹೋಗಿ ನೋಡಿ. ಫುಟ್‌ಪಾತ್ ಎಲ್ಲಿ ನಿಲ್ಲುತ್ತದೆ? ರಸ್ತೆ ಎಷ್ಟು ಲೇನು? ಮಧ್ಯೆ ಹೆದ್ದಾರಿ ಇದೆಯಾ? ಬಸ್ ಇದೆ ಅಂತ ಮನೆ ತೋರಿಸುವವರು ಹೇಳಿದರೆ ಗಂಟೆಗೆ ಎಷ್ಟು ಬಸ್, ಭಾನುವಾರ ಇದೆಯಾ ಅಂತ ಕೇಳಿ. ಡಲ್ಲಾಸ್ ಪಕ್ಕದ ಆರ್ಲಿಂಗ್ಟನ್‌ನಲ್ಲಿ ಸುಮಾರು 4 ಲಕ್ಷ ಜನ ಇದ್ದಾರೆ. ಅಲ್ಲಿ ಗೊತ್ತಾದ ದಾರಿಯಲ್ಲಿ ಓಡುವ ನಗರ ಬಸ್ಸೇ ಇಲ್ಲ, ಆ್ಯಪ್‌ನಲ್ಲಿ ಕರೆಯುವ ವ್ಯಾನ್ ಮಾತ್ರ.

ನ್ಯೂಯಾರ್ಕ್, ಬಾಸ್ಟನ್, ಷಿಕಾಗೊ, ಫಿಲಡೆಲ್ಫಿಯಾ, ವಾಷಿಂಗ್ಟನ್, ಸ್ಯಾನ್ ಫ್ರಾನ್ಸಿಸ್ಕೊ ಊರೊಳಗೆ ಕಾರಿಲ್ಲದೆ ಬದುಕಬಹುದು. ನ್ಯೂಯಾರ್ಕ್ ನಗರದ ಅರ್ಧಕ್ಕಿಂತ ಜಾಸ್ತಿ ಮನೆಗಳಲ್ಲಿ ಕಾರೇ ಇಲ್ಲ. ಅಲ್ಲಿ ಬಾಡಿಗೆ ಜಾಸ್ತಿ ಅನ್ನುವುದು ನಿಜ. ಆದರೆ ಲೆಕ್ಕ ಪೂರ್ತಿ ಹಾಕಿ. ಹೊಸ ಕಾರಿಗೆ ಸಾಲ, ಇನ್ಶೂರೆನ್ಸ್, ಪೆಟ್ರೋಲು, ರಿಪೇರಿ, ಬೆಲೆ ಇಳಿಯುವುದು ಎಲ್ಲ ಸೇರಿ ವರ್ಷಕ್ಕೆ 12,000 ಡಾಲರ್ ಮೇಲಾಗುತ್ತದೆ ಅಂತ ಅಲ್ಲಿನ ವಾಹನ ಸಂಘ 'ಎಎಎ' 2024ರಲ್ಲಿ ಲೆಕ್ಕ ಕೊಟ್ಟಿತ್ತು. ತಿಂಗಳಿಗೆ ಸಾವಿರ ಡಾಲರ್! ದೂರದ ಅಗ್ಗದ ಮನೆಗೆ ಎರಡು ಕಾರು ಬೇಕಾದರೆ ಅದು ಅಗ್ಗದ ಮನೆಯಲ್ಲ.

ಕಾರು ಬೇಕೇ ಬೇಕಾದ ಊರಾದರೆ ಮನೆಯ ಇಬ್ಬರೂ ಲೈಸೆನ್ಸ್ ಮಾಡಿಸಿ. ಹೆಂಡತಿಯದ್ದು ಆಮೇಲೆ ನೋಡೋಣ ಅಂತ ಮುಂದೆ ಹಾಕಬೇಡಿ. ಹೊರಡುವ ಮೊದಲು ಮಡಿಕೇರಿ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಿ. ಅದು ಒಂದು ವರ್ಷ ನಡೆಯುತ್ತದೆ, ಜೊತೆಗೆ ಇಲ್ಲಿನ ಲೈಸೆನ್ಸೂ ಇರಬೇಕು. ಆದರೆ ವರ್ಷ ಪೂರ್ತಿ ಅದರಲ್ಲೇ ಓಡಿಸಬಹುದು ಅಂದುಕೊಳ್ಳಬೇಡಿ. ರಾಜ್ಯಕ್ಕೊಂದು ಕಾನೂನು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಲು ಬಂದವರು 10 ದಿನದೊಳಗೆ ಅಲ್ಲಿನ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಪ್ರವಾಸಕ್ಕೆ ಬಂದವರಿಗೆ ಬೇರೆ ನಿಯಮ. ರೋಡ್ ಟೆಸ್ಟಿಗೆ ಕಾರು ನೀವೇ ತರಬೇಕು, ಅದಕ್ಕೆ ಇನ್ಶೂರೆನ್ಸ್ ಇರಬೇಕು. ಹೊಸಬರಿಗೆ ತೊಡಕಾಗುವುದು ಇಲ್ಲೇ. ಡ್ರೈವಿಂಗ್ ಸ್ಕೂಲಿನವರು ಕಾರು ಕೊಡುತ್ತಾರೆ, ಇಲ್ಲವೇ ಕನ್ನಡ ಕೂಟದಲ್ಲಿ ಯಾರನ್ನಾದರೂ ಕೇಳಿ.

ಮಡಿಕೇರಿಯ ಘಾಟಿಯಲ್ಲಿ ಮಳೆ, ಮಂಜಿನಲ್ಲಿ ಓಡಿಸಿದವರಿಗೆ ಅಲ್ಲಿನ ಸ್ಟೇರಿಂಗ್ ಹೆದರಿಸುವುದಿಲ್ಲ. ತಪ್ಪುವುದು ನಿಯಮದಲ್ಲಿ. ನಾಲ್ಕೂ ಕಡೆ ಸ್ಟಾಪ್ ಬೋರ್ಡ್ ಇರುವ ಕಡೆ ಪೂರ್ತಿ ನಿಲ್ಲಬೇಕು, ಮೊದಲು ಬಂದವರು ಮೊದಲು ಹೋಗಬೇಕು. ಹಳದಿ ಶಾಲಾ ಬಸ್ಸಿನ ಕೆಂಪು ದೀಪ ಮಿನುಗಿದರೆ ಹಿಂದಿನವರೂ ನಿಲ್ಲಬೇಕು, ಮಧ್ಯೆ ಡಿವೈಡರ್ ಇಲ್ಲದಿದ್ದರೆ ಎದುರಿನಿಂದ ಬರುವವರೂ ನಿಲ್ಲಬೇಕು. ಪೊಲೀಸರು ಹಿಂದೆ ಬಂದು ದೀಪ ಹಾಕಿದರೆ ಬಲಕ್ಕೆ ನಿಲ್ಲಿಸಿ, ಕೈ ಎರಡೂ ಸ್ಟೇರಿಂಗ್ ಮೇಲೆ ಇಡಿ, ಇಳಿಯಬೇಡಿ. ಇಲ್ಲಿನ ಹಾಗೆ ಇಳಿದು ಹತ್ತಿರ ಹೋಗಿ ಮಾತಾಡುವುದು ಅಲ್ಲಿ ಅಪಾಯ. ಮಗುವನ್ನು ಮಡಿಲಲ್ಲಿ ಕೂರಿಸುವ ಹಾಗಿಲ್ಲ, ಕಾರ್ ಸೀಟು ಕಡ್ಡಾಯ.

ನಮ್ಮ ಜಿಲ್ಲೆಯವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಪುತ್ತರಿಗೋ ಕೈಲ್ ಪೊಳ್ದಿಗೋ ಅಲ್ಲೂ ನಮ್ಮವರು ಸೇರುತ್ತಾರೆ. ಮನೆಯಲ್ಲಿ ಮಾಡಿದ ವೈನು, ಹಂದಿ ಕರಿ, ಕಡುಬು ಎಲ್ಲ ಇರುತ್ತದೆ. ಸೇರಿದ ಮನೆ 50 ಕಿಲೋಮೀಟರ್ ದೂರ, ವಾಪಸ್ ಬರಲು ಬಸ್ಸಿಲ್ಲ. ರಕ್ತದಲ್ಲಿ ಆಲ್ಕೋಹಾಲ್ ಮಿತಿ ಶೇಕಡ 0.08, ಯೂಟಾದಲ್ಲಿ 0.05. ಕುಡಿದು ಓಡಿಸಿ ಅರೆಸ್ಟ್ ಆದರೆ, ಕೋರ್ಟಿನಲ್ಲಿ ಶಿಕ್ಷೆ ಆಗುವ ಮೊದಲೇ ವೀಸಾ ರದ್ದು ಮಾಡುವ ಅಧಿಕಾರ ಅಲ್ಲಿನ ವಿದೇಶಾಂಗ ಇಲಾಖೆಗಿದೆ, ಮಾಡುತ್ತಾರೆ ಕೂಡ. ತೆರೆದ ಬಾಟಲಿ ಸೀಟಿನ ಪಕ್ಕ ಇದ್ದರೂ ಹೆಚ್ಚಿನ ರಾಜ್ಯಗಳಲ್ಲಿ ತಪ್ಪು, ಡಿಕ್ಕಿಯಲ್ಲಿ ಇಡಬೇಕು. ಯಾರು ಕುಡಿಯುವುದಿಲ್ಲ ಅಂತ ಹೊರಡುವ ಮೊದಲೇ ಗೊತ್ತು ಮಾಡಿ. ಇಲ್ಲದಿದ್ದರೆ ಆ ರಾತ್ರಿ ಅಲ್ಲೇ ಮಲಗಿ. ಇದರಲ್ಲಿ ರಾಜಿ ಬೇಡ.

ಅಲ್ಲಿನವರಿಗೂ ಇದು ಸಾಕಾಗುತ್ತಿದೆ. ಬಫಲೊ ನಗರ 2017ರಲ್ಲಿ, ಆಸ್ಟಿನ್ 2023ರಲ್ಲಿ ಕಡ್ಡಾಯ ಪಾರ್ಕಿಂಗ್ ತೆಗೆದುಹಾಕಿದವು. ಮಿನಿಯಾಪೊಲಿಸ್ 2018ರಲ್ಲಿ ಒಂಟಿ ಮನೆ ಮಾತ್ರ ಅನ್ನುವ ನಿಯಮ ಬಿಡಲು ತೀರ್ಮಾನಿಸಿತು. ಸುರಕ್ಷಿತವಾಗಿ ರಸ್ತೆ ದಾಟುವವರಿಗೆ ಕ್ರಾಸಿಂಗ್ ಬಿಟ್ಟು ದಾಟಿದರು ಅಂತ ದಂಡ ಹಾಕುವುದನ್ನು ಕ್ಯಾಲಿಫೋರ್ನಿಯಾ 2023ರಿಂದ ನಿಲ್ಲಿಸಿತು. ಇಂಥ ಊರುಗಳಲ್ಲೂ ಕಟ್ಟಡ ಬದಲಾಗಲು ವರ್ಷಗಳು ಬೇಕು. ನೀವು ಮನೆ ಹಿಡಿಯುವುದು ಈ ವರ್ಷ.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಸಮಯವನ್ನೂ ಇದರ ಜೊತೆ ಯೋಚಿಸಿ. ತೋಟದವರು ಕಾಫಿ ಕೊಯ್ಲು ಮುಗಿಸಿ, ಹೂ ಮಳೆ ನೋಡಿಕೊಂಡು ಏಪ್ರಿಲ್, ಮೇ ಹೊತ್ತಿಗೆ ಹೊರಡುತ್ತಾರೆ. ಆರು ತಿಂಗಳು ಇದ್ದರೆ ಅಕ್ಟೋಬರ್, ನವೆಂಬರ್‌ವರೆಗೆ. ಬಾಸ್ಟನ್, ಷಿಕಾಗೊ ಕಡೆ ಅದು ಓಡಾಡಲು ಒಳ್ಳೆಯ ಕಾಲ. ಡಲ್ಲಾಸ್, ಹ್ಯೂಸ್ಟನ್, ಫೀನಿಕ್ಸ್‌ನಲ್ಲಿ ಅದರ ನಡುವಿನ ಬೇಸಿಗೆ ತಿಂಗಳುಗಳಲ್ಲಿ ಹತ್ತು ಗಂಟೆ ಮೇಲೆ ಹೊರಗೆ ಕಾಲಿಡಲು ಆಗುವುದಿಲ್ಲ. ಅಂಥ ಊರಿನಲ್ಲಿದ್ದರೆ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಅವರನ್ನು ಪಬ್ಲಿಕ್ ಲೈಬ್ರರಿಗೋ ವಯಸ್ಸಾದವರು ಸೇರುವ ಸೀನಿಯರ್ ಸೆಂಟರಿಗೋ ಬಿಟ್ಟು ಹೋಗಿ, ಮಧ್ಯಾಹ್ನ ಯಾರು ಕರೆತರುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ. ಎಷ್ಟೋ ಮಾಲ್‌ಗಳು ಅಂಗಡಿ ತೆರೆಯುವ ಮೊದಲೇ ನಡೆಯುವವರಿಗಾಗಿ ಬಾಗಿಲು ತೆಗೆಯುತ್ತವೆ. ಎಸಿ ಇರುತ್ತದೆ, ಕೂರಲು ಬೆಂಚು ಇರುತ್ತದೆ, ಅದೇ ವಯಸ್ಸಿನ ನಾಲ್ಕು ಜನ ಸಿಗುತ್ತಾರೆ. ನಿಮ್ಮ ಹತ್ತಿರದ ಮಾಲ್ ಎಷ್ಟು ಗಂಟೆಗೆ ತೆಗೆಯುತ್ತದೆ ಅಂತ ಅವರು ಬರುವ ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.